ಚಾಪೆಯ ಕೆಳಗಿನ ಎಲೆಸಂಚಿ: ಅಂಕೋಲಾ ಕರಾವಳಿಯ ಒಂದು ಮಗುವಿನ ಪ್ರಕರಣ

2023ರ ನವೆಂಬರಿನಲ್ಲಿ ನನ್ನ ಕ್ಲಿನಿಕ್ಕಿಗೆ ಮೊದಲ ಸಲ ಬಂದಾಗ ಹುಡುಗನಿಗೆ 3 ವರ್ಷ 10 ತಿಂಗಳು. ತೂಕ 9.2 ಕಿಲೋ, ಆ ವಯಸ್ಸಿಗೆ 16ರ ಆಸುಪಾಸು ಇರಬೇಕು. ಸೊಂಟದ ಮೇಲೆ ಕೂರಿಸಿದರೆ ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿದ್ದುದರಿಂದ ತಾಯಿ ಅವನನ್ನು ಎರಡೂ ಕೈಗಳಲ್ಲಿ ಅಡ್ಡಲಾಗಿ ಹಿಡಿದು ತಂದಿದ್ದರು. ಮೊಣಕೈಗೆ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಚೀಲದಲ್ಲಿ ತಾಯಿ ಕಾರ್ಡ್, ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿ, ಕಿವಿ ಪರೀಕ್ಷೆಯಲ್ಲಿ ‘ಪಾಸ್’ ಎಂದು ಮುದ್ರಿಸಿದ ತುಂಡು ಕಾಗದ, ಮತ್ತು ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಬರೆದ ಮೂರು ಚೀಟಿಗಳಿದ್ದವು. ಮೊದಲ ಚೀಟಿಯಲ್ಲಿ ‘ಬುದ್ಧಿಮಾಂದ್ಯ?’ ಎಂದಿತ್ತು. ಎರಡನೆಯದರಲ್ಲಿ ಆ ಪ್ರಶ್ನಾರ್ಥಕ ಚಿಹ್ನೆ ಉದುರಿಹೋಗಿತ್ತು. ಮೂರನೆಯದರಲ್ಲಿ ‘ತೀವ್ರ’ ಎಂಬುದೂ ಸೇರಿಕೊಂಡಿತ್ತು. ಈ ನಡುವೆ ಮಗುವಿಗೆ ಬುದ್ಧಿಯ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ.

ಆ ದಿನ ನಾನೂ ಮಾಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಕೂರುವ ಕ್ಲಿನಿಕ್. ಹೊರಗೆ ಮೂವತ್ತು ಮಕ್ಕಳು ಕಾಯುತ್ತಿದ್ದರು. ಹುಡುಗ ನನ್ನ ಮುಖ ಕಂಡ ಕೂಡಲೇ ಬಿಗಿದುಕೊಂಡು ಅತ್ತ. ‘ಸೆರೆಬ್ರಲ್ ಪಾಲ್ಸಿ, ಬೆಳವಣಿಗೆ ವಿಳಂಬ, ಅಪೌಷ್ಟಿಕತೆ’ ಎಂದು ಬರೆದೆ. ಸೆರೆಬ್ರಲ್ ಪಾಲ್ಸಿ ಎಂದರೆ ಎಳವೆಯಲ್ಲೇ ಮೆದುಳಿಗೆ ಆದ ಪೆಟ್ಟಿನಿಂದ ಮೈಯ ಚಲನೆ ಹತೋಟಿ ತಪ್ಪುವುದು. ನಾಲ್ಕನೆಯ ಚೀಟಿ ನನ್ನದಾಯಿತು. ಒಂದೇ ವರ್ಷದಲ್ಲಿ ಮೂರು ಸಲ ನ್ಯುಮೋನಿಯಾ ಆಗಿತ್ತು ಎಂಬ ಮಾತು ಮಾತ್ರ ತಲೆಯಲ್ಲಿ ಕುಳಿತಿತು. ಇವನಿಗೆ ಹೇಗೆ ಉಣಿಸುತ್ತಾರೆ ಎಂದು ಕಣ್ಣಾರೆ ನೋಡದೆ ಔಷಧ ಬರೆದು ಪ್ರಯೋಜನವಿಲ್ಲ ಅನ್ನಿಸಿ ಡಿಸೆಂಬರಿನಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಮನೆಗೆ ಹೋದೆ.

ಮನೆ ಕಾರವಾರಕ್ಕೂ ಅಂಕೋಲಾಕ್ಕೂ ನಡುವೆ, ಹೆದ್ದಾರಿಯಿಂದ ಕಡಲ ಕಡೆಗೆ ಇಳಿದು ಅರ್ಧ ಕಿಲೋಮೀಟರ್ ಮರಳಿನಲ್ಲಿ ನಡೆದರೆ ಸಿಗುತ್ತದೆ. ಅಪ್ಪ ಟ್ರಾಲ್ ಬೋಟಿನಲ್ಲಿ ಖಲಾಸಿ. ಮನೆಮಾತು ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ. ನಾನು ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಅಪ್ಪನ ತಾಯಿ, ಅಂದರೆ ಅಜ್ಜಿ, ಬಾಯಲ್ಲಿದ್ದುದನ್ನು ಉಗಿದು ಎಲೆಸಂಚಿಯನ್ನು ಸರಕ್ಕನೆ ಚಾಪೆಯ ಕೆಳಗೆ ತಳ್ಳಿದರು. ಡಾಕ್ಟರು ತಂಬಾಕು ಕಂಡರೆ ಬೈಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತು. ನಾನು ಕಂಡೂ ಕಾಣದಂತೆ ಕುಳಿತೆ. ಹುಡುಗನನ್ನು ಜಗಲಿಯ ಮೂಲೆಯಲ್ಲಿ ಎರಡು ಅಕ್ಕಿಚೀಲಗಳ ನಡುವೆ ಒರಗಿಸಿದ್ದರು. ಅವನು ಚಾಪೆಯ ಆ ಮೂಲೆಯನ್ನು ನೋಡಿದ. ನನ್ನನ್ನು ನೋಡಿದ. ಮತ್ತೆ ಚಾಪೆಯನ್ನು ನೋಡಿ ಮೈಯೆಲ್ಲ ತಿರುಚಿಕೊಳ್ಳುವಷ್ಟು ಜೋರಾಗಿ ನಕ್ಕ. ಅಜ್ಜಿ ಕಣ್ಣು ಕೆಕ್ಕರಿಸಿದರು. ಅವನಿಗೆ ಇನ್ನೂ ನಗು.

ಒಬ್ಬರು ಏನನ್ನೋ ಬಚ್ಚಿಟ್ಟಿದ್ದಾರೆ, ಇನ್ನೊಬ್ಬರಿಗೆ ಅದು ತಿಳಿಯಬಾರದು, ತಾನು ಮನಸ್ಸು ಮಾಡಿದರೆ ಗುಟ್ಟು ರಟ್ಟು ಮಾಡಬಹುದು: ಇಷ್ಟನ್ನೂ ತಿಳಿದ ಮಗು ಮಾತ್ರ ಹಾಗೆ ನಗಬಲ್ಲದು. ನಾಲ್ಕು ವರ್ಷದ ಚುರುಕು ಮಕ್ಕಳಿಗೂ ಅದು ಸಣ್ಣ ಕೆಲಸವಲ್ಲ. ಹಳೆಯ ಚೀಟಿಗಳಿಂದ ನನ್ನ ಕಡತಕ್ಕೂ ಬಂದಿದ್ದ ‘ಬುದ್ಧಿಮಾಂದ್ಯ’ವನ್ನು ಜಗಲಿಯಲ್ಲೇ ಕುಳಿತು ಹೊಡೆದುಹಾಕಿದೆ.

ಮಿಕ್ಕದ್ದು ಆ ಮಧ್ಯಾಹ್ನವೇ ಒಂದೊಂದಾಗಿ ಕಣ್ಣಿಗೆ ಬಿತ್ತು. ತಾಯಿ ನೆಲದ ಮೇಲೆ ಕಾಲು ಚಾಚಿ ಕುಳಿತು, ಕೂಸಿಗೆ ಎಣ್ಣೆ ಹಚ್ಚುವಾಗ ಮಲಗಿಸುವಂತೆ ಅವನನ್ನು ಕಾಲ ಮೇಲೆ ಅಂಗಾತ ಮಲಗಿಸಿ ತೆಳು ಗಂಜಿ ಹನಿಸುತ್ತಿದ್ದರು. ಕತ್ತು ಹಿಂದಕ್ಕೆ ಬಿದ್ದಿತ್ತು. ಮೂರು ಚಮಚಕ್ಕೊಮ್ಮೆ ಕೆಮ್ಮು. ನ್ಯುಮೋನಿಯಾ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಬಾಯಿ ತೆರೆದಾಗ ಹಾಲುಹಲ್ಲುಗಳ ತುದಿ ಸವೆದು ಹಸಿರುಮಿಶ್ರಿತ ಹಳದಿಯಾಗಿದ್ದುದು ಕಂಡಿತು. ಕೈಗಳು ಒಂದು ಕ್ಷಣವೂ ಸುಮ್ಮನಿರಲಿಲ್ಲ, ಹಾವಿನ ಹಾಗೆ ನಿಧಾನ ತಿರುಚುತ್ತಲೇ ಇದ್ದವು. ಆದರೆ ಉಂಡು ನಿದ್ದೆಗೆ ಜಾರಿದ ಮೇಲೆ ಪೂರ್ತಿ ಸಡಿಲಗೊಂಡವು. ಅದಕ್ಕೂ ಮುಂಚೆ ನೌಕಾನೆಲೆಯ ಹೆಲಿಕಾಪ್ಟರ್ ಒಂದು ಮನೆಯ ಮೇಲೆಯೇ ಹಾದುಹೋಗಿತ್ತು. ಹುಡುಗನಿಗೆ ನೋಡುವ ಆಸೆ. ಆದರೆ ಕಣ್ಣುಗುಡ್ಡೆ ಮೇಲಕ್ಕೆ ಏಳಲಿಲ್ಲ, ಇಡೀ ತಲೆಯನ್ನೇ ಹಿಂದಕ್ಕೆ ಎಸೆದ.

ಇನ್ನು ಕಿವಿ. ಪಾತ್ರೆ ಬಿದ್ದರೆ ತಿರುಗುತ್ತಾನೆ, ಹೆಸರು ಕರೆದರೆ ತಿರುಗುವುದಿಲ್ಲ, ಅದಕ್ಕೇ ‘ಅರ್ಥವಾಗುವುದಿಲ್ಲ’ ಎಂದು ಎಲ್ಲರೂ ತೀರ್ಮಾನಿಸಿದ್ದರು. ತಾಯಿ ಮಾತ್ರ ಬೇರೆ ಒಂದು ಮಾತು ಹೇಳಿದರು: ಮಳೆಗಾಲದಲ್ಲಿ ಇವನು ಇನ್ನೂ ಮಂಕಾಗುತ್ತಾನೆ, ಚಳಿಗಾಲದಲ್ಲಿ ಹಿತ್ತಲಲ್ಲಿ ಎದುರಿಗೆ ಕುಳಿತು ಮಾತಾಡಿದರೆ ಚೆನ್ನಾಗಿರುತ್ತಾನೆ. ಮಾಡಿಗೆ ತಗಡು ಹೊದೆಸಿದ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಮಾತಾಡಿದ್ದು ನನಗೇ ಕೇಳುವುದು ಕಷ್ಟ. ಸದ್ದು ಕೇಳಿಸಿದರೂ ಮಾತು ಬಿಡಿಸಿಕೊಳ್ಳಲಾಗದು, ಗದ್ದಲವಿದ್ದರೆ ಮತ್ತೂ ಆಗದು, ಬಾಯಿಯ ಚಲನೆ ಕಂಡರೆ ತುಸು ಆದೀತು. ಕಿವಿಯ ಒಳಗಿನ ಯಂತ್ರ ಸರಿಯಿದ್ದು ನರದ ದಾರಿ ಕೆಟ್ಟಾಗ, ಅಂದರೆ ‘ಆಡಿಟರಿ ನ್ಯೂರೋಪಥಿ’ಯಲ್ಲಿ, ಹೀಗೇ ಆಗುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾಡುವ ಓಎಇ ಎಂಬ ಚುಟುಕು ಪರೀಕ್ಷೆ ಯಂತ್ರವನ್ನಷ್ಟೇ ನೋಡುತ್ತದೆ. ನರವನ್ನು ನೋಡಲು ಬೆರಾ ಪರೀಕ್ಷೆ ಬೇಕು. ಚೀಲದಲ್ಲಿದ್ದ ‘ಪಾಸ್’ ಚೀಟಿ ಸುಳ್ಳು ಹೇಳಿರಲಿಲ್ಲ. ಅದನ್ನು ಕೇಳಿದ ಪ್ರಶ್ನೆಯೇ ಅರ್ಧ.

ತಿರುಚುವ ಕೈಕಾಲು, ಮೇಲೆ ಏಳದ ಕಣ್ಣು, ಮಾತು ಹಿಡಿಯದ ಕಿವಿ, ಬಣ್ಣಗೆಟ್ಟ ಹಾಲುಹಲ್ಲು. ಈ ನಾಲ್ಕೂ ಒಂದೇ ಮಗುವಿನಲ್ಲಿ ಸೇರಿದರೆ ಕಾರಣ ಬಹುಮಟ್ಟಿಗೆ ಒಂದೇ: ಹುಟ್ಟಿದ ಮೊದಲ ವಾರದ ಕಾಮಾಲೆ ಮೆದುಳಿಗೆ ಏರಿದ್ದು, ಕರ್ನಿಕ್ಟೆರಸ್. ಬಿಲಿರುಬಿನ್ ಎಂಬ ಹಳದಿ ವಸ್ತು ಮೆದುಳಿನ ಆಳದಲ್ಲಿರುವ, ಚಲನೆಯನ್ನು ಹದಗೊಳಿಸುವ ಗಂಟುಗಳನ್ನೂ ಕಿವಿಯ ನರದ ದಾರಿಯನ್ನೂ ಆರಿಸಿ ಹೊಡೆಯುತ್ತದೆ. ಯೋಚಿಸುವ ಹೊರಪದರವನ್ನು ಎಷ್ಟೋ ಸಲ ಬಿಟ್ಟುಬಿಡುತ್ತದೆ. ಒಳಗಿರುವವನು ಸರಿಯಾಗಿದ್ದು, ಬಾಗಿಲುಗಳೆಲ್ಲ ಕೆಟ್ಟಿರುತ್ತವೆ.

ಬಿಡುಗಡೆ ಚೀಟಿಯನ್ನು ಮತ್ತೆ ಬಿಡಿಸಿ ಓದಿದೆ. 2020ರ ಜನವರಿ. ತಿಂಗಳು ತುಂಬಿ ಹುಟ್ಟಿದ ಮಗು, ತೂಕ 2.8 ಕಿಲೋ, ಸಹಜ ಹೆರಿಗೆ. ಎರಡನೆಯ ದಿನ ಮನೆಗೆ. ತಾಯಿಗೆ ತವರಿನ ಆಸರೆ ಇರಲಿಲ್ಲವಾದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಆಶಾ ಕಾರ್ಯಕರ್ತೆ ನಿಯಮದಂತೆ 3ನೆಯ ದಿನ ಬಂದು ನೋಡಿದಾಗ ಮಗು ಚೆನ್ನಾಗಿಯೇ ಇತ್ತು. ನಾಲ್ಕನೆಯ ದಿನ ಮುಖ ಹಳದಿ, ಐದನೆಯ ದಿನ ಅಂಗಾಲು ಹಳದಿ. ಬೆಳಗಿನ ಬಿಸಿಲಿಗೆ ಹಿಡಿದರು. ಆರನೆಯ ದಿನ ಮೊಲೆ ಬಿಟ್ಟು, ಕೀರಲು ದನಿಯಲ್ಲಿ ಅತ್ತು, ಬೆನ್ನು ಬಾಗಿಸಿತು. ಆಸ್ಪತ್ರೆ ಮುಟ್ಟಿದಾಗ ಬಿಲಿರುಬಿನ್ 34, ಅಪಾಯದ ಮಟ್ಟಕ್ಕಿಂತ ಬಹಳ ಮೇಲೆ. ಆಶಾ ಕಾರ್ಯಕರ್ತೆಯ ಮುಂದಿನ ಭೇಟಿ ಇದ್ದದ್ದು 7ನೆಯ ದಿನಕ್ಕೆ. 3, 7, 14, 21, 28, 42 ಎಂಬ ಆ ವೇಳಾಪಟ್ಟಿ ಒಳ್ಳೆಯದೇ. ಆದರೆ ಕಾಮಾಲೆ ನೆತ್ತಿಗೇರುವುದು ಮೊದಲ ಎರಡು ಅಂಕಿಗಳ ನಡುವಿನ ಸಂದಿಯಲ್ಲಿ. ಈ ಮಗು ಆ ಸಂದಿಯಲ್ಲಿ ಜಾರಿತು. ಹಳದಿ ಅಂಗೈ ಅಂಗಾಲಿಗೆ ಇಳಿದರೆ ಬಿಸಿಲು ಕಾಯಿಸುತ್ತ ಕೂರಬಾರದು, ಅದೇ ಗಂಟೆ ಹೊರಡಬೇಕು ಎಂದು ಆ ಮನೆಗೆ ಯಾರೂ ಹೇಳಿ ಕಳಿಸಿರಲಿಲ್ಲ.

ಆಮೇಲಿನ ಕಥೆ ಕೊರೊನಾದ್ದು. ಕತ್ತು ನಿಲ್ಲಬೇಕಾದ ನಾಲ್ಕನೆಯ ತಿಂಗಳು ಬಂದದ್ದು ಲಾಕ್‌ಡೌನ್ ನಡುವೆ. ಅಂಗನವಾಡಿ ಮುಚ್ಚಿತ್ತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಮಕ್ಕಳನ್ನು ತಪಾಸಣೆ ಮಾಡುವುದು ಆ ಅಂಗನವಾಡಿಯಲ್ಲೇ. ಅದು ತೆರೆದ ಮೇಲೂ ಕೂರಲಾರದ ಮಗುವನ್ನು ಅಲ್ಲಿಗೆ ಕಳಿಸುವವರು ಯಾರು?

ಊಟದಿಂದ ಶುರುಮಾಡಿದೆವು. ನೆಟ್ಟಗೆ ಕೂರಿಸಬೇಕು, ಗಲ್ಲ ತುಸು ಎದೆಯ ಕಡೆಗೆ, ಚಮಚ ಕೆಳಗಿನಿಂದ ಬರಬೇಕು, ಗಂಜಿ ಚಮಚ ಮಗುಚಿದರೂ ಬೀಳದಷ್ಟು ದಪ್ಪ. ಇಡೀ ದಿನ ಕುಣಿಯುವ ಕೈಕಾಲು ಹೊಟ್ಟೆಗೆ ಹೋದದ್ದನ್ನೆಲ್ಲ ಉರಿಸಿಬಿಡುತ್ತದಾದ್ದರಿಂದ ಪ್ರತಿ ಊಟಕ್ಕೂ ಒಂದು ಚಮಚ ತೆಂಗಿನೆಣ್ಣೆ, ಜೊತೆಗೆ ಮೊಟ್ಟೆ, ಮುಳ್ಳು ಬಿಡಿಸಿ ಹಿಸುಕಿದ ಕಾಣೆ ಮೀನು. ಮೀನುಗಾರರ ಮನೆಯ ಮಗುವಿಗೆ ಮುಳ್ಳಿನ ಭಯದಿಂದ ನಾಲ್ಕು ವರ್ಷ ಮೀನನ್ನೇ ಕೊಟ್ಟಿರಲಿಲ್ಲ. ಎಂಟು ತಿಂಗಳಲ್ಲಿ ತೂಕ 11.6 ಆಯಿತು. ಆ ಅವಧಿಯಲ್ಲಿ ಒಂದೇ ಒಂದು ನ್ಯುಮೋನಿಯಾ.

ನೆಟ್ಟಗೆ ಕೂರಿಸುವುದಕ್ಕೆ ಏನು? ವಿಶೇಷ ಕುರ್ಚಿಗೆ ಅರ್ಜಿ ಹಾಕಿದೆವು. ಅದು ಬರುವಾಗ ಬರುತ್ತದೆ. ಇಲ್ಲಿ ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ. ತಾಯಿಗೂ ಅಜ್ಜಿಗೂ ಟಿಕೆಟ್ ಇಲ್ಲ, ಸಣ್ಣ ಮಗುವಿಗೂ ಇಲ್ಲ. ಹಣ ಕೊಡಬೇಕಾದವರು ಅಪ್ಪ ಒಬ್ಬರೇ, ಅವರ ಒಂದು ದಿನದ ಪಾಲೂ ತಪ್ಪುತ್ತದೆ. ಹಾಗಾಗಿ ಫಿಸಿಯೋಥೆರಪಿಗೆ ಯಾವಾಗಲೂ ಬರುತ್ತಿದ್ದವರು ಹೆಂಗಸರು. ಯೋಜನೆಯಿಂದಾಗಿಯೇ ಈ ಮಗು ಕಾರವಾರ ಕಂಡಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆಯಲ್ಲಿ ಉಳಿ, ಸುತ್ತಿಗೆ ಹಿಡಿಯಬಲ್ಲ ಒಬ್ಬನೇ ಮನುಷ್ಯನಿಗೆ ಕುರ್ಚಿಯ ಅಳತೆ ಹೇಳಿದವರು ಯಾರೂ ಇರಲಿಲ್ಲ.

ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. 61 ದಿನ ಅಪ್ಪ ಮನೆಯಲ್ಲಿ. 2024ರ ಜೂನ್ ಮೊದಲ ವಾರವೇ ಫಿಸಿಯೋಥೆರಪಿಸ್ಟ್ ಜೊತೆ ಮನೆಗೆ ಹೋದೆವು. ಅಪ್ಪ ಮೊದಲು ಮಂಜುಗಡ್ಡೆ ತುಂಬುವ ಥರ್ಮೋಕೋಲ್ ಮೀನುಪೆಟ್ಟಿಗೆಯೊಂದನ್ನು ಮೂಲೆಯಾಕಾರಕ್ಕೆ ಕೊಯ್ದು ಮಗನನ್ನು ಕೂರಿಸಿ ನೋಡಿದರು. ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತಾನೆ ಎಂದು ಪೆನ್ನಿನಲ್ಲಿ ಗುರುತು ಹಾಕಿದರು. ಸೊಂಟ ಒಳಕ್ಕೆ ಕೂರುವಂತೆ ಆಸನವನ್ನು ಹಿಂದಕ್ಕೆ ಇಳಿಜಾರು ಮಾಡಿದರು. ಮೂರನೆಯ ಮಾದರಿ ಸರಿಹೋಯಿತು, ಆಮೇಲೆ ಹಲಸಿನ ಹಲಗೆಯಲ್ಲಿ ಅದನ್ನೇ ಮಾಡಿದರು. ಥರ್ಮೋಕೋಲಿನದು ಈಗಲೂ ಇದೆ. ಎಷ್ಟು ತೊಳೆದರೂ ಬಂಗುಡೆಯ ವಾಸನೆ ಹೋಗಿಲ್ಲ.

ಕೂತವನಿಗೆ ಹೇಳಿಕೊಳ್ಳಲು ದಾರಿ ಬೇಕು. ಕೈ ಗುರಿಗೆ ಹೋಗುವುದಿಲ್ಲ, ಆದ್ದರಿಂದ ಕಣ್ಣೇ ಬೆರಳು. ಪಾರದರ್ಶಕ ಹಾಳೆಯ ನಾಲ್ಕು ಮೂಲೆಗೆ ಚಿತ್ರ ಅಂಟಿಸಿ, ಮಗು ಯಾವುದನ್ನು ನೋಡುತ್ತದೆ ಎಂದು ಎದುರಿನಿಂದ ಗಮನಿಸುವ ವಿಧಾನವೊಂದಿದೆ. ಒಂದು ತಿಂಗಳು ಅದನ್ನೇ ಮಾಡಿ ಸೋತೆವು. ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರವೇ ಇಲ್ಲ. ಹೆಲಿಕಾಪ್ಟರ್ ನೆನಪಾದದ್ದು ಆಗ. ಮೇಲಿನ ಎರಡು ಮೂಲೆಗಳು ಅವನ ಪಾಲಿಗೆ ಇಲ್ಲವೇ ಇಲ್ಲ! ನಾಲ್ಕು ಚಿತ್ರಗಳನ್ನೂ ಎದೆಮಟ್ಟದಲ್ಲಿ ಒಂದೇ ಸಾಲಿಗೆ ತಂದ ದಿನ ಹತ್ತರಲ್ಲಿ ಒಂಬತ್ತು ಸರಿ. ಅಂಗನವಾಡಿಯ ಗೋಡೆಯ ಪಟಗಳನ್ನು ನೋಡದೆ ‘ಆಸಕ್ತಿಯಿಲ್ಲ’ ಎನಿಸಿಕೊಂಡದ್ದೂ ಇದೇ ಕಾರಣಕ್ಕೆ. ಅವನ್ನು ದೊಡ್ಡವರ ಕಣ್ಣಿನ ಎತ್ತರಕ್ಕೆ ನೇತುಹಾಕಿದ್ದರು.

ಚಿತ್ರಗಳು ಅಪ್ಪನ ಮೊಬೈಲಿನಿಂದ ತೆಗೆದವೇ: ಅವನ ಬಟ್ಟಲು, ಅಜ್ಜಿ, ಬೋಟು, ಹಿತ್ತಲ ಬೆಕ್ಕು. ಮನೆಯಲ್ಲಿ ಕೊಂಕಣಿ ಬಿಟ್ಟು ಕನ್ನಡ ಒಂದನ್ನೇ ಮಾತಾಡಿ ಎಂದು ಹಿಂದೆ ಯಾರೋ ಹೇಳಿದ್ದರಂತೆ. ಹಾಗಾಗಿ ಅಜ್ಜಿ ಮೊಮ್ಮಗನ ಜೊತೆ ಹೆಚ್ಚುಕಮ್ಮಿ ಮಾತೇ ಬಿಟ್ಟಿದ್ದರು. ಮಗುವಿನ ಕಿವಿಗೆ ಕೊಂಕಣಿ ಕನ್ನಡಕ್ಕಿಂತ ಭಾರವಲ್ಲ ಎಂದು ಹೇಳಿ ಆ ಕಟ್ಟಳೆಯನ್ನು ತೆಗೆಸಿದೆ. ಎರಡು ವರ್ಷದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಅಷ್ಟು ಬೇಗ ಜಾರಿಗೆ ಬಂದದ್ದು ಇದೊಂದೇ.

ಬೆರಾ ಪರೀಕ್ಷೆಗೆ ಮಣಿಪಾಲದಲ್ಲಿ 2024ರ ಜುಲೈ ನಾಲ್ಕನೆಯ ವಾರ ದಿನ ಗೊತ್ತಾಗಿತ್ತು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಹೆದ್ದಾರಿ ಮುಚ್ಚಿತು. ರೈಲಿತ್ತು ನಿಜ, ಆದರೆ ಆ ದಿನಗಳಲ್ಲಿ ಅಂಕೋಲಾದ ಕಡೆಯ ಯಾವ ಮನೆಯಲ್ಲೂ ಪರೀಕ್ಷೆಯ ಮಾತೆತ್ತುವ ಸ್ಥಿತಿ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಹೋದರು. ಊಹಿಸಿದಂತೆಯೇ ಕಿವಿಯ ಯಂತ್ರದ ಸಂಕೇತವಿತ್ತು, ನರದ ಅಲೆಗಳಿರಲಿಲ್ಲ. ಶ್ರವಣ ಸಾಧನ ಹಾಕಿ ಆರು ತಿಂಗಳು ನೋಡಿದೆವು. ಶಾಂತವಾಗಿರುವಾಗ ತುಸು ಲಾಭ, ಮಳೆಯಲ್ಲಿ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಶ್ರವಣಯಂತ್ರದ, ಅಂದರೆ ಕಾಕ್ಲಿಯರ್ ಇಂಪ್ಲಾಂಟ್‌ನ, ವಿಚಾರ ಇನ್ನೂ ನಡೆದಿದೆ. ಕೈಕಾಲಿನ ತಿರುಚಾಟಕ್ಕೆ ಕೊಟ್ಟ ಮಾತ್ರೆಯಿಂದ ಮಲಬದ್ಧತೆ ಹೆಚ್ಚಾಗಿ ಪ್ರಮಾಣ ಅರ್ಧಕ್ಕೆ ಇಳಿಸಿದೆವು.

ಅಂಗವೈಕಲ್ಯ ಪ್ರಮಾಣಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಸಿಟ್ಟು ಬರುತ್ತದೆ. 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಇವನಿಗೆ ಸೇರಬೇಕಾದದ್ದು ಸೆರೆಬ್ರಲ್ ಪಾಲ್ಸಿ ಮತ್ತು ಶ್ರವಣದೋಷ. ಮೊದಲು ಬರೆದುಕೊಟ್ಟದ್ದು ಬೌದ್ಧಿಕ ವೈಕಲ್ಯ. ಪರೀಕ್ಷೆ ಮಾಡಿದ್ದು ಮಾತಿನಲ್ಲಿ ಪ್ರಶ್ನೆ ಕೇಳಿ ಕೈಯಲ್ಲಿ ಬ್ಲಾಕುಗಳನ್ನು ಜೋಡಿಸುವ ಸಾಧನದಿಂದ. ಕಿವಿ ಹಿಡಿಯದ, ಕೈ ಓಡದ ಮಗುವಿಗೆ. ತಿದ್ದಿಸಲು ಐದು ತಿಂಗಳು ಹಿಡಿಯಿತು. ಇಂಥ ವೈಕಲ್ಯವಿರುವವರಿಗಿರುವ ‘ನಿರಾಮಯ’ ಆರೋಗ್ಯ ವಿಮೆ ಮಾಡಿಸಿದ್ದು ಆಮೇಲೆ.

2024ರ ಡಿಸೆಂಬರಿನಲ್ಲಿ ತಾಯಿ ಮತ್ತೆ ಆರು ತಿಂಗಳ ಬಸುರಿ. ಆ ಹೊಟ್ಟೆ ಕಂಡ ಮೇಲೆ ನನಗೆ ಎಚ್ಚರವಾಯಿತು. ಮೊದಲನೆಯವನಿಗೆ ಕಾಮಾಲೆ ಅಷ್ಟು ಏರಿದ್ದು ಯಾಕೆ ಎಂದು ಒಂದು ವರ್ಷ ನಾನು ಕೇಳಿಯೇ ಇರಲಿಲ್ಲ. ಹುಡುಗನ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಿಸಿದೆ. ತೀರಾ ಕಡಿಮೆ ಬಂತು. ಈ ಕಿಣ್ವ ಕೊರತೆಯಾದವರ ಕೆಂಪು ರಕ್ತಕಣಗಳು ಕೆಲವು ವಸ್ತುಗಳು ತಾಗಿದರೆ ಒಡೆದುಹೋಗುತ್ತವೆ, ಹಾಗೆ ಒಡೆದ ರಕ್ತವೇ ಕಾಮಾಲೆಯ ಹಳದಿ. ಆ ವಸ್ತುಗಳಲ್ಲಿ ನ್ಯಾಫ್ತಲಿನ್, ಅಂದರೆ ಡಾಂಬರು ಗುಳಿಗೆ, ಒಂದು.

ಕೂಸನ್ನು ಯಾವ ಬಟ್ಟೆಯಲ್ಲಿ ಸುತ್ತಿದ್ದಿರಿ ಎಂದು ಕೇಳಿದೆ. ಅಜ್ಜಿ ಒಳಗೆ ಹೋಗಿ ಟ್ರಂಕು ತೆರೆದರು. ಮೆತ್ತಗಿನ ಹಳೆಯ ಸೀರೆಗಳ ತುಂಡುಗಳು, ಮೊಮ್ಮಗ ಹುಟ್ಟುವುದಕ್ಕೆಂದು ವರ್ಷಗಳಿಂದ ಕೂಡಿಟ್ಟವು, ಮಡಿಕೆ ಮಡಿಕೆಗೂ ಬಿಳಿ ಗುಳಿಗೆ. ವಾಸನೆ ಜಗಲಿಯವರೆಗೆ ಬಂತು. ಕೂಸಿಗೆ ದಿನಾ ತೆಂಗಿನೆಣ್ಣೆ ಹಚ್ಚಿ ಇದರಲ್ಲೇ ಸುತ್ತುತ್ತಿದ್ದರು. ಎಣ್ಣೆ ಹಚ್ಚಿದ ಚರ್ಮ ನ್ಯಾಫ್ತಲಿನ್ನನ್ನು ಇನ್ನೂ ಸಲೀಸಾಗಿ ಹೀರುತ್ತದೆ.

ಇದೇ ಕಾರಣ ಎಂದು ನಾನು ಸಾಬೀತು ಮಾಡಲಾರೆ. ಜಿ6ಪಿಡಿ ಕೊರತೆಯೊಂದೇ ಸಾಕು ಕೆಲವು ಕೂಸುಗಳಿಗೆ. ಹೇಳುವುದು ಹೇಗೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಟ್ರಂಕು ಅತ್ತೆಯದು. ಕೊರತೆ ಇಳಿದುಬರುವುದು ಎಕ್ಸ್ ವರ್ಣತಂತುವಿನಲ್ಲಿ, ಗಂಡುಮಗುವಿಗೆ ತಾಯಿಯಿಂದ, ಅದು ಸೊಸೆಯದು. ಒಬ್ಬರಿಗೇ ಹೇಳಿದರೆ ಇನ್ನೊಬ್ಬರ ಮೇಲೆ ಬೀಸಲು ಕೋಲು ಕೊಟ್ಟ ಹಾಗೆ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎರಡನ್ನೂ ಒಂದೇ ಉಸಿರಿಗೆ ಹೇಳಿದೆ. ಊರಿನ ಮಕ್ಕಳೆಲ್ಲ ಇಂಥದೇ ಬಟ್ಟೆಯಲ್ಲಿ ಬೆಳೆದವಲ್ಲ ಎಂದರು ಅಜ್ಜಿ. ನಿಜವೇ, ಕೊರತೆಯಿಲ್ಲದ ಮಕ್ಕಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸೊಸೆ ಏನೂ ಅನ್ನಲಿಲ್ಲ. ತುಂಬ ಹೊತ್ತಿನ ಮೇಲೆ ಅಜ್ಜಿ ಹುಡುಗನ ಬಾಯಿ ಒರೆಸಿ, ಟ್ರಂಕನ್ನು ಕಾಲಿನಿಂದ ಹಿತ್ತಲ ಕಡೆಗೆ ತಳ್ಳಿದರು.

ಎರಡನೆಯ ಮಗು 2025ರ ಮಾರ್ಚಿನಲ್ಲಿ ಹುಟ್ಟಿತು. ಅದೂ ಗಂಡು, ಅದಕ್ಕೂ ಕೊರತೆ. ಐದು ದಿನ ಆಸ್ಪತ್ರೆಯಲ್ಲೇ ಉಳಿಸಿಕೊಂಡರು, ಪ್ರತಿದಿನ ಬಿಲಿರುಬಿನ್ ನೋಡಿದರು, ಮೂರನೆಯ ದಿನ 17 ಆದಾಗ ನೀಲಿ ದೀಪದ ಕೆಳಗೆ ಇಟ್ಟರು, ಇಳಿಯಿತು. ಬೆರಾ ಸರಿಯಿದೆ. ಇಬ್ಬರ ತಾಯಿ ಕಾರ್ಡಿನ ಮೇಲೂ ಕೊಡಬಾರದ ಔಷಧಗಳ ಹೆಸರು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದೇನೆ: ಪ್ರೈಮಾಕ್ವಿನ್, ಡ್ಯಾಪ್ಸೋನ್, ನೈಟ್ರೋಫ್ಯುರಾಂಟಾಯಿನ್. ಕರಾವಳಿಯಲ್ಲಿ ಮಲೇರಿಯಾ ಎಂದ ಕೂಡಲೇ ಮೊದಲನೆಯದನ್ನು ಬರೆಯುವುದು ನಮ್ಮ ರೂಢಿ.

ದೊಡ್ಡವನಿಗೆ ಈಗ, 2025ರ ಜುಲೈನಲ್ಲಿ, ಐದೂವರೆ. ತೂಕ 13.4. ನಡೆಯುತ್ತಾನೆಯೇ ಎಂದು ಅಜ್ಜಿ ಪ್ರತಿ ಸಲ ಕೇಳುತ್ತಾರೆ. ಈ ವಯಸ್ಸಿಗೂ ಆಸರೆಯಿಲ್ಲದೆ ಕೂರಲಾರದ ಮಗು ತಾನಾಗಿ ನಡೆಯುವ ಸಂಭವ ತೀರಾ ಕಡಿಮೆ ಎಂದು ಹೇಳಿದ್ದೇನೆ. ಹೇಳಿದ ಮೇಲೂ ಕೇಳುತ್ತಾರೆ, ನಾನೂ ಅದೇ ಉತ್ತರ ಕೊಡುತ್ತೇನೆ. ಹಾಳೆಯ ಮೇಲಿನ ಚಿತ್ರಗಳು ನಾಲ್ಕರಿಂದ ಇಪ್ಪತ್ತೆರಡಾಗಿವೆ, ಸಾಲು ಬದಲಿಸುವುದು ತಾಯಿಯ ಕೆಲಸ. ‘ಬೇಡ’ ಎಂಬುದಕ್ಕೆ ಅವನೇ ಒಂದು ಸನ್ನೆ ಕಂಡುಕೊಂಡಿದ್ದಾನೆ, ಕಣ್ಣು ಬಿಗಿಯಾಗಿ ಮುಚ್ಚುವುದು. ನನ್ನ ಸ್ಟೆತಾಸ್ಕೋಪಿಗೆ ಸಿಗುವುದು ಬಹುತೇಕ ಅದೇ.

ಜುಲೈ ಕೊನೆಯ ವಾರ ಹೋದಾಗ ಹಲಸಿನ ಕುರ್ಚಿ ಸಣ್ಣದಾಗಿತ್ತು, ಮೊಣಕಾಲು ಹಲಗೆಯ ಆಚೆ ನಾಲ್ಕು ಬೆರಳು. ಸೊಂಟದ ಕೀಲು ಜಾರುತ್ತಿದೆಯೇ ಎಂದು ನೋಡಲು ಎಕ್ಸ್‌ರೇ ಬಾಕಿಯಿದೆ, ಅದಕ್ಕೆ ಆಗಸ್ಟಿನಲ್ಲಿ ತಾಯಿ ಕರೆತರುತ್ತಾರೆ. ಕುರ್ಚಿ ಅಷ್ಟು ಕಾಯುವಂತಿಲ್ಲ. ಬೋಟು 1ನೆಯ ತಾರೀಖಿಗೆ ಕಡಲಿಗಿಳಿಯುತ್ತದೆ. ಅಪ್ಪ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು, ಕೈಯಲ್ಲಿ ನಾಲ್ಕು ದಿನ ಇತ್ತು.